ಚಕ್ರ ಈಚೆಗೆ, ಗತ್ತು ಆಚೆಗೆ

ದಟ್ಟಗಳ್ಳಿ ರಿಂಗ್ ರೋಡ್ ಬದಿಯ ಗ್ಯಾರೇಜು. ಬೊಲೆರೊ ಪಿಕಪ್‌ನ ಕಂತು ತೀರಿಲ್ಲ, ಶೋಕಿ ಶುರುವಾಗಿದೆ.

"ಅಣ್ಣಾ, ಚಕ್ರ ಎರಡು ಕಡೆನೂ ಈಚೆಗೆ ಬರ್ಬೇಕು."

"ಸ್ಪೇಸರಾ, ಬೇರೆ ಅಲಾಯ್ ವೀಲಾ?"

"ಯಾವುದು ಸೇಫು?"

"ಸ್ಪೇಸರ್ ಹಬ್‌ಗೂ ಚಕ್ರಕ್ಕೂ ನಡುವೆ ಕೂರುತ್ತೆ. ನಟ್ ಸಡಿಲಾದ್ರೆ ಚಕ್ರ ನಿಮಗಿಂತ ಮುಂಚೆ ಬೋಗಾದಿ ಸೇರುತ್ತೆ. ಆಫ್‌ಸೆಟ್ ಕಮ್ಮಿ ಇರೋ ಅಲಾಯ್ ವೀಲ್ ತಾನಾಗೇ ಈಚೆಗೆ ಕೂರುತ್ತೆ, ಆ ನಡುವಿನ ತುಂಡೇ ಬೇಡ. ಬೇರಿಂಗ್ ಮಾತ್ರ ಎರಡರಲ್ಲೂ ಅಳುತ್ತೆ."

"ಆರ್‌ಟಿಓದವ್ರು?"

"ಕಂಪನಿ ಕೊಟ್ಟ ಅಳತೆ ಮೀರಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು. ಎರಡೂ ಬೀಳ್ಬೋದು."

"ನಾಲ್ಕು ಚಕ್ರ ಸೇರಿ ಒಂದೇ ಮಾರ್ಪಾಡು ತಾನೇ?"

"ಜಡ್ಜ್ ಹತ್ರ ಚೌಕಾಸಿ ಮಾಡಿ. ಲೋಡ್ ಏನು?"

"ಎಲೆಕೋಸು."

"ಕೋಸಿಗ್ಯಾಕೆ ಗತ್ತು?"

"ಕೋಸಿಗಲ್ಲಣ್ಣ, ಮಾವನ ಮನೆ ಮುಂದೆ ಹಾಯ್ಬೇಕು."