ಪ್ರಿಂಟರ್‌ನ ತಪ್ಪೇನು?

ಗದಗ-ಬೆಟಗೇರಿಯ ದಲಾಲಿ ಅಂಗಡಿಗೆ ಹೊಸ ಕಂಪ್ಯೂಟರ್ ಬಂತೆಂದರೆ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮೇಲೆ ತೀರ್ಪು ಬಿತ್ತೆಂದೇ ತಿಳಿಯಿರಿ: "ಇದು ಕೆಟ್ಟೈತ್ರಿ, ಗುಜರಿಗೆ ಹಾಕ್ರಿ." ಆರೋಪಿಯನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲ. ಕೇಳುವುದೇನೂ ಕಷ್ಟವಲ್ಲ. ಕೇಬಲ್ ಕಿತ್ತು, ಕಾಗದ ಹಾಕಿ, ಲೈನ್ ಫೀಡ್ ಗುಂಡಿ ಒತ್ತಿ ಹಿಡಿದು ಸ್ವಿಚ್ ಹಾಕಿದರೆ ಈ ಜಾತಿಯ ಅನೇಕ ಯಂತ್ರಗಳು ತಮಗೆ ಬರುವ ಅಕ್ಷರಗಳನ್ನೆಲ್ಲ ತಾವಾಗಿಯೇ ಕುಟ್ಟಿ ತೋರಿಸುತ್ತವೆ. ಹಾಗೆ ಕುಟ್ಟಿದ ಪ್ರಿಂಟರ್‌ಗೆ ರೋಗವಿಲ್ಲ. ಹಳೆಯ ಮಾತು ಮರೆತಿರುವುದು ಹೊಸ ಕಂಪ್ಯೂಟರ್. ಬೈಗುಳ ಮಾತ್ರ ಮುದುಕನಿಗೆ.

ಮರೆವು ಮೂರು ಕಡೆ ಇದೆ. ಮೊದಲನೆಯದು ಕೇಬಲ್ ಸಿಗಿಸುವ ಬಾಯಿ. ಸೆಂಟ್ರಾನಿಕ್ಸ್ ಕಂಪನಿ 1970ರ ಸುಮಾರಿಗೆ ಹಾಕಿದ ಕಟ್ಟಳೆಯಂತೆ ಎಂಟು ತಂತಿಗಳಲ್ಲಿ ಎಂಟು ಬಿಟ್ ಒಟ್ಟಿಗೇ ಬರಬೇಕು. ಅದಕ್ಕಾಗಿ ಪ್ರಿಂಟರ್ ಕಡೆ 36 ಪಿನ್ನಿನ, ಕಂಪ್ಯೂಟರ್ ಕಡೆ 25 ಪಿನ್ನಿನ ಅಗಲ ಬಾಯಿ. 1996ರಲ್ಲಿ ಬಂದ ಯುಎಸ್‌ಬಿ ಬಿಟ್‌ಗಳನ್ನು ಸಾಲುಗಟ್ಟಿಸಿ ಒಂದೊಂದಾಗಿ ಕಳಿಸಿತು. ಬರಬರುತ್ತ ಅಗಲ ಬಾಯಿಯೇ ಮಾಯವಾಯಿತು. ಈಗ ನಡುವೆ ಸಿಗಿಸುವ ಪರಿವರ್ತಕ ಕೇಬಲ್ಲೂ ಒಬ್ಬ ದಲಾಲಿಯೇ: ಮಾಲು ಆ ಕಡೆ ಮುಟ್ಟಿಸುತ್ತದೆ, "ಕಾಗದ ತೀರೈತಿ" ಎಂಬ ತಕರಾರು ಈ ಕಡೆ ಬರುವಾಗ ಎಷ್ಟೋ ಸಲ ಕಿವುಡಾಗುತ್ತದೆ. ಎರಡನೆಯದು ಡ್ರೈವರ್. 32 ಬಿಟ್ ವಿಂಡೋಸ್‌ಗೆ ಬರೆದದ್ದು 64 ಬಿಟ್‌ನಲ್ಲಿ ನಡೆಯದು. ಆದರೆ ಎಪ್ಸನ್ ರೂಢಿಗೆ ತಂದ ಇಎಸ್‌ಸಿ/ಪಿ ಅಪ್ಪಣೆಗಳನ್ನು ಬೇರೆ ಕಂಪನಿಗಳ ಅನೇಕ ಪ್ರಿಂಟರ್‌ಗಳೂ ಪಾಲಿಸುವುದರಿಂದ ಒಂದರ ಡ್ರೈವರ್ ಇನ್ನೊಂದಕ್ಕೆ ಸಾಗುವುದುಂಟು. ಅದೂ ಆಗದಿದ್ದರೆ ವಿಂಡೋಸ್ ಒಳಗೇ 'ಜೆನೆರಿಕ್ ಟೆಕ್ಸ್ಟ್ ಓನ್ಲಿ' ಕೂತಿದೆ. ಮೂರನೆಯದು ಫಾಕ್ಸ್‌ಪ್ರೋ ಕಾಲದ ಲೆಕ್ಕದ ಪ್ರೋಗ್ರಾಂ. ಅದಕ್ಕೆ ಎಲ್‌ಪಿಟಿ1 ಎಂಬ ಹಳೆಯ ಅಗಲ ಬಾಯಿ ಬಿಟ್ಟು ಬೇರೆ ವಿಳಾಸ ಗೊತ್ತಿಲ್ಲ. ಪ್ರಿಂಟರ್ ಅನ್ನು ಶೇರ್ ಮಾಡಿ, 'ನೆಟ್ ಯೂಸ್' ಅಪ್ಪಣೆಯಿಂದ ಆ ಹೆಸರನ್ನೇ ಕಟ್ಟಿದರೆ ಪಾಪ, ನಂಬಿಬಿಡುತ್ತದೆ.

ಇಷ್ಟೆಲ್ಲ ರಾಮಾಯಣ ಯಾಕೆ, ಒಂದು ಲೇಸರ್ ಪ್ರಿಂಟರ್ ತಂದು ಮಾರಾಟದ ಪಟ್ಟಿಯ ಮೂರು ಪ್ರತಿಗೆ ಮೂರು ಸಲ ಹೊಡೆದರಾಯಿತಲ್ಲ ಎನ್ನುವವರಿದ್ದಾರೆ. ವಾದದ ಗಂಟು ಇಲ್ಲೇ ಇರುವುದು. ಲೇಸರ್ ಕಾಗದವನ್ನು ಸವರುತ್ತದೆ, ಹೊಡೆಯುವುದಿಲ್ಲ. ಹೊಡೆಯದೆ ಕಾರ್ಬನ್ ಮೂಡುವುದಿಲ್ಲ. ಮೂರು ಸಲ ಮುದ್ರಿಸಿದ ಮೂರು ಹಾಳೆಗಳ ನಡುವೆ ಒಂದು ಅಂಕಿ ಸದ್ದಿಲ್ಲದೆ ಬದಲಾಗಬಹುದು. ಒಂದೇ ಏಟಿಗೆ ಮೂರು ಹಾಳೆಯಲ್ಲಿ ಮೂಡಿದ ತೂಕ ಹಾಗೆ ಬದಲಾಗದು. ಮುಂಡರಗಿ ಕಡೆಯಿಂದ ಮೆಣಸಿನಕಾಯಿ ಚೀಲ ತಂದ ರೈತನ ಕೈಯಲ್ಲಿರುವ ಪಟ್ಟಿಯೂ ಅಂಗಡಿಯ ಕಡತದ ಪಟ್ಟಿಯೂ ಒಂದೇ ಪೆಟ್ಟು ತಿಂದಿರುತ್ತವೆ; ತಿದ್ದಬೇಕೆಂದರೆ ಮೂರನ್ನೂ ಮತ್ತೆ ಒಟ್ಟುಗೂಡಿಸಬೇಕು. ಗದ್ದಲದ ದೂರನ್ನು ಒಪ್ಪುತ್ತೇನೆ, ಆದರೆ ಹರಾಜಿನ ಕೂಗಿನ ನಡುವೆ ಪ್ರಿಂಟರ್ ಒಂದೇ ಮೌನವ್ರತ ಹಿಡಿಯಬೇಕೆಂಬುದು ಯಾವ ನ್ಯಾಯ?

ಇದಕ್ಕಿಂತ ಗಟ್ಟಿ ಆಕ್ಷೇಪ ಕನ್ನಡದ್ದು. ಯುನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ಈ ಪ್ರಿಂಟರ್‌ನ ಹೊಟ್ಟೆಯಲ್ಲಿ ಮಾತ್ರ ಕನ್ನಡ ಅಕ್ಷರಗಳಿಲ್ಲ. ಆದ್ದರಿಂದ ಕನ್ನಡವನ್ನು ಚಿತ್ರವಾಗಿ, ಚುಕ್ಕೆ ಚುಕ್ಕೆಯಾಗಿ ಕಳಿಸಬೇಕು. ಒಂಬತ್ತು ಸೂಜಿಯ ತಲೆ ಒಂದು ಓಟಕ್ಕೆ ಬರೆಯುವುದು ಸುಮಾರು 3 ಮಿಲಿಮೀಟರ್ ಎತ್ತರ. ಗದಗ, ಬೆಟಗೇರಿ, ಮುಂಡರಗಿ ಒತ್ತಿಲ್ಲದ ಸಜ್ಜನ ಊರುಗಳು, ಬೇಗ ಮುಗಿಯುತ್ತವೆ. ಶಿರಹಟ್ಟಿಗೆ ಒಂದು ಒತ್ತು. ಲಕ್ಷ್ಮೇಶ್ವರ ಬಂತೋ, ಕ-ಕಾರದ ಕೆಳಗೆ ಷ, ಅದರ ಬೆನ್ನಿಗೆ ಮ. ತಲೆ ಅದೇ ಸಾಲಿಗೆ ಮರಳಿ ಮರಳಿ ಓಡಬೇಕು. ನಿಧಾನ ನಿಜ, ಇದಕ್ಕೆ ನನ್ನ ಬಳಿ ಎದುರುತ್ತರವಿಲ್ಲ, ಅಡ್ಡದಾರಿಯಿದೆ. ಹೊಂಬಾಳಿ, ಶಾಬಾದಿಮಠದಂಥ ಮುದ್ರಕರಿಂದ ಮುದ್ರಣ ಕಾಶಿ ಎನಿಸಿಕೊಂಡ ಊರು ಗದಗ. ಅಂಗಡಿಯ ಹೆಸರು, ಮಾಲು, ತೂಕ, ದರ, ಹಮಾಲಿ ಎಂಬ ಕನ್ನಡ ಮನೆಗಳನ್ನೆಲ್ಲ ಊರ ಪ್ರೆಸ್ಸಿನಲ್ಲೇ ಮೊದಲೇ ಅಚ್ಚು ಹಾಕಿಸಿ, ಅಂಚಿಗೆ ತೂತಿರುವ ಉದ್ದ ಕಾಗದದ ಕಟ್ಟು ತರಿಸಿದರೆ, ಪ್ರಿಂಟರ್‌ಗೆ ಉಳಿಯುವುದು ಅಂಕಿ ತುಂಬುವ ಕೆಲಸ. ಅಂಕಿಗೆ ಒತ್ತಕ್ಷರದ ಕಾಟವಿಲ್ಲ.