ಹೋರಿ ನಮ್ಮದು, ಹಗ್ಗ ಅವರದು

ರಾತ್ರಿ ಹತ್ತರ ಮೇಲೆ ಬೆಂಗಳೂರಿನಿಂದ ಅಳಿಯನ ಫೋನು. ಅಕ್ಕನ ಮಗ, ಸಾಫ್ಟ್‌ವೇರಿನವನು. "ಮಾಮಾ, ಪಗಾರ ನಿಲ್ಲಿಸ್ಯಾರ" ಅಂದ. ದನಿ ನಡುಗುತ್ತಿತ್ತು. ನಾನು ಸ್ಪೀಕರ್ ಹಾಕಿದ್ದೇ ತಪ್ಪಾಯಿತು. ಪಕ್ಕದಲ್ಲಿದ್ದ ನಮ್ಮವ್ವ ಸೆರಗು ಬಾಯಿಗೆ ಹಚ್ಚಿದಳು. ಮನೆ ಸಾಲದ ಕಂತು, ಮೊನ್ನೆ ಕೊಂಡ ಕಾರು, ಇನ್ನೂ ಗೊತ್ತಾಗದ ಕನ್ಯೆ, ಎಲ್ಲವೂ ಅವಳ ಕಣ್ಣ ಮುಂದೆ ಒಂದು ಸುತ್ತು ಹೊಡೆದವು. ಹತ್ತು ನಿಮಿಷ ಸಮಾಧಾನ ಹೇಳಿದ ಮೇಲೆ ಗೊತ್ತಾಯಿತು: ನಿಂತದ್ದು ಇವನ ಪಗಾರವಲ್ಲ, ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಆಟಗಾರರದ್ದು.

"ಅದಕ್ಕ ನಿನಗೇನಾತಪಾ?" ಅವ್ವ ಸೆರಗು ಕೆಳಗಿಳಿಸಿ ಕೇಳಿದಳು.

"ನಮ್ ಟೀಮ್ ಅಲ್ಲೇನು ಆಯಿ."

"ಟೀಮಿನಾಗ ನಿಂದೆಷ್ಟು ಪಾಲು?"

ಫೋನು ಸುಮ್ಮನಾಯಿತು. ಓದು ಬರಹ ಬಾರದ ಹೆಂಗಸು ಕೇಳಿದ ಈ ಪ್ರಶ್ನೆಗೆ ಮ್ಯಾಂಚೆಸ್ಟರಿನಿಂದ ಮಡಗಾಂವ್‌ವರೆಗೆ ಯಾವ ಅಭಿಮಾನಿಯ ಬಳಿಯೂ ಉತ್ತರವಿಲ್ಲ.

ಸಂಗತಿ ಇಷ್ಟು. ಐಎಸ್‌ಎಲ್ ಎಂಬ ಫುಟ್‌ಬಾಲ್ ಲೀಗನ್ನು ನಡೆಸುವ ಕಂಪನಿಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ 2010ರಲ್ಲಿ ಆಗಿದ್ದ 15 ವರ್ಷದ ಕರಾರು 2025ರ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದೇನೆಂದು ಯಾರೂ ಹೇಳಲಿಲ್ಲ. ಫೆಡರೇಷನ್ನಿನ ಸಂವಿಧಾನದ ಕೇಸು ಸುಪ್ರೀಂ ಕೋರ್ಟಿನಲ್ಲಿತ್ತು. ಜುಲೈನಲ್ಲಿ ಲೀಗನ್ನೇ ತಡೆಹಿಡಿದರು. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿದ್ದಾಗಿ ಪ್ರಕಟಣೆ ಕೊಟ್ಟಿತು. ಮಾಲೀಕರು ಜೆಎಸ್‌ಡಬ್ಲ್ಯು, ಉಕ್ಕಿನವರು. ಕಬ್ಬಿಣ ಕರಗಿಸುವವರಿಗೂ ಈ ಆಟ ಬಿಸಿ ಮುಟ್ಟಿಸಿತು ಅಂದರೆ ಅದೇನು ಸಣ್ಣ ಆಟವಲ್ಲ.

ಮರುದಿನ ಬೆಳಿಗ್ಗೆ ಚಹಾದಂಗಡಿ ಕಟ್ಟೆಯಲ್ಲಿ ಈ ಸುದ್ದಿ ಬಿಚ್ಚಿದೆ. ಹಾನಗಲ್ಲಿನಿಂದ ಬಸ್ಸಿಗೆ ಅರ್ಧ ತಾಸಿನ ಊರು ನಮ್ಮದು. ಫುಟ್‌ಬಾಲ್ ಅಂದರೆ ಸಾಲಿ ಹುಡುಗರು ಗಾಳಿ ಹೋದ ಚೆಂಡನ್ನು ಒದೆಯುವುದು ಅಂತಲೇ ಇಲ್ಲಿ ತಿಳಿವಳಿಕೆ. ಆದರೆ ಮಾಲೀಕ, ಅಭಿಮಾನಿ, ಅಖಾಡ ಈ ಮೂರರ ವಿಷಯಕ್ಕೆ ಬಂದರೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನವರಿಗೆ ಪಾಠ ಹೇಳುವ ಗಂಡು ಹುಟ್ಟಿಲ್ಲ. ನಮ್ಮಲ್ಲಿ ಕೊಬ್ಬರಿ ಹೋರಿ ಉಂಟು. ಬಲಿಪಾಡ್ಯಮಿ ಬಂತೆಂದರೆ ಕೊಂಬಿಗೆ ಬಣ್ಣ, ಮೈಮೇಲೆ ಝೂಲಾ, ಕೊರಳಿಗೆ ಒಣಕೊಬ್ಬರಿ ಸರ, ತಲೆ ಮೇಲೆ ಬಲೂನಿನ ಗೋಪುರ. ಹೋರಿ ಬಿಟ್ಟಾಗ ಎರಡೂ ಕಡೆ ನಿಂತ ಪೈಲ್ವಾನರು ಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಹರಿಸಿಕೊಳ್ಳದೆ ದಾಟಿದರೆ ಹೋರಿ ಗೆದ್ದಂತೆ. ಐಎಸ್‌ಎಲ್ ಕ್ಲಬ್ಬುಗಳ ಹಾಗೆ ಇಲ್ಲೂ ಊರಿನ ಹೆಸರು ಮೊದಲು, ಹಿಂದೆ ಒಂದು ಬಾಲ: ಹುಲಿ, ಡಾನ್, ರಾಕ್‌ಸ್ಟಾರ್. ಪ್ರತಿ ಹೋರಿಗೂ ಅಭಿಮಾನಿ ಬಳಗ, ಬಳಗಕ್ಕೆ ಟೀ-ಶರ್ಟು, ಟೀ-ಶರ್ಟಿನ ಮೇಲೆ ಹೋರಿಯ ಫೋಟೋ. ಹುಡುಗರ ಬೆನ್ನ ಮೇಲೆ ಅವರಪ್ಪನ ಹೆಸರೂ ಅಷ್ಟು ದೊಡ್ಡದಾಗಿ ಬಿದ್ದಿರುವುದಿಲ್ಲ.

ಕಟ್ಟೆಯ ಮೇಲೆ ಹೋರಿ ಕಾಕಾ ಇದ್ದರು. ನಮ್ಮ ಓಣಿಯಲ್ಲಿ ಹೆಸರಾದ ಹೋರಿ ಕಟ್ಟಿದವರು. ಹುರುಳಿ, ಹತ್ತಿಕಾಳು, ಹಿಂಡಿ ಎಲ್ಲವನ್ನೂ ತಾವೇ ಕೈಯಿಂದ ಕಲಸಿ ಇಡುವವರು. ಹಬ್ಬದ ಹಿಂದಿನ ರಾತ್ರಿ ಯಾರಾದರೂ ದೃಷ್ಟಿ ಹಾಕಿಯಾರೆಂದು ಗೋದಲಿಯ ಪಕ್ಕದಲ್ಲೇ ಕಂಬಳಿ ಹಾಸುವವರು. ಬೆಂಗಳೂರಿನ ಕತೆ ಕೇಳಿ ಅವರು ಬಸಿಯಲ್ಲಿದ್ದ ಚಹಾ ಊದುವುದನ್ನೇ ಮರೆತರು. "ಅಂದ್ರ ಮಾಲಕ ಮೇವು ನಿಲ್ಲಿಸಿದ? ಹೋರಿ ಕಟ್ಟಿಕೊಂಡು ಮೇವು ನಿಲ್ಲಸೋದಾ? ನಮ್ಮಲ್ಲಿ ಹಂಗ ಮಾಡಿದ್ರ ಮರುದಿನ ಕಟ್ಟಿಗೆ ಬಂದು ಕೂಡಾಕ ಬಿಡಂಗಿಲ್ಲ."

ಹೌದಲ್ಲ ಅನ್ನಿಸಿತು. ಕಾಕಾನ ಹೋರಿ ಕೊಬ್ಬರಿ ಹರಿಸಿಕೊಂಡರೆ ಮರುದಿನ ಆರು ಗಂಟೆಗೆ ಇದೇ ಕಟ್ಟೆಯಲ್ಲಿ ಕಾಕಾ ಮಂದಿಗೆ ಮುಖ ಕೊಡಬೇಕು. ಫುಟ್‌ಬಾಲ್ ಕ್ಲಬ್ಬಿನ ಮಾಲೀಕನಿಗೆ ಈ ಕಟ್ಟೆಯ ಕಾಟವಿಲ್ಲ. ಅವನಿಗೆ ಪ್ರಕಟಣೆ ಉಂಟು. ಪ್ರಕಟಣೆಯಲ್ಲಿ "ಭಾರವಾದ ಹೃದಯದಿಂದ" ಎಂದು ಬರೆದುಬಿಟ್ಟರೆ ಜೇಬು ಹಗುರಾಗುವುದು ನಿಲ್ಲುತ್ತದೆ.

ಹುರುಪಿಗೆ ಬಿದ್ದು ನಾನು ಮ್ಯಾಂಚೆಸ್ಟರ್ ಯುನೈಟೆಡ್ಡಿನ ಕತೆಯನ್ನೂ ಹೇಳಿದೆ. 2005ರಲ್ಲಿ ಅಮೆರಿಕದ ಗ್ಲೇಜರ್ ಮನೆತನ ಕ್ಲಬ್ ಕೊಂಡಿತು. ಕೊಳ್ಳಲು ಮಾಡಿದ ಸಾಲದಲ್ಲಿ ದೊಡ್ಡ ಪಾಲನ್ನು ಕ್ಲಬ್ಬಿನ ತಲೆಗೇ ಕಟ್ಟಿತು. ಕಾಕಾನ ಕಣ್ಣು ಅರಳಿದವು. "ಅಂದ್ರ ಹೋರಿ ಕೊಳ್ಳಾಕ ಸಾಲ ಮಾಡಿ, ಹೋರಿ ಉತಾರಕ್ಕೇ ಬೋಜಾ ಏರಿಸಿದ್ರು! ಇದು ನಮ್ಮ ತಲಿಗೆ ಯಾಕ ಹೊಳೀಲಿಲ್ಲೋ?" 2021ರ ಮೇ 2ರಂದು ಸಿಟ್ಟಿಗೆದ್ದ ಅಭಿಮಾನಿಗಳು ಓಲ್ಡ್ ಟ್ರಾಫರ್ಡ್ ಮೈದಾನಕ್ಕೇ ನುಗ್ಗಿ ಲಿವರ್‌ಪೂಲ್ ವಿರುದ್ಧದ ಪಂದ್ಯವನ್ನೇ ಮುಂದೂಡಿಸಿದ್ದನ್ನು ಹೇಳಿದರೆ ಕಟ್ಟೆಯಲ್ಲಿ ಯಾರೂ ಬೆರಗಾಗಲಿಲ್ಲ. ಅಖಾಡಕ್ಕೆ ಮಂದಿ ನುಗ್ಗುವುದು ನಮ್ಮಲ್ಲಿ ಪ್ರತಿಭಟನೆಯಲ್ಲ, ಪದ್ಧತಿ.

ಜರ್ಮನಿಯಲ್ಲಿ ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಒಂದಾದರೂ ಹೆಚ್ಚು ಸದಸ್ಯರ ಕೈಯಲ್ಲಿರಬೇಕೆಂಬ ನಿಯಮವಿದೆ ಅಂದೆ. "ಸೊಸೈಟಿ ಅನ್ನು ಹಂಗಾರ" ಅಂದರು ಕಾಕಾ. ಸರಿಯೇ. ಸಹಕಾರ ಸಂಘದ ತವರು ಕಣಗಿನಹಾಳ ನಮಗೇನು ದೂರವಲ್ಲ, 1905ರಲ್ಲೇ ಅಲ್ಲಿ ಸಂಘ ಕಟ್ಟಿದ್ದಾರೆ. "ಆದ್ರ ಸೊಸೈಟಿ ಇಲೆಕ್ಷನ್ ನೋಡೀಯಲ್ಲ? ಡೈರೆಕ್ಟರ್ ಆಗಾಕ ಬಡದಾಡೋರು ಗೋಲ್ ಹೊಡ್ಯಾಕ ಬಡದಾಡಂಗಿಲ್ಲ." ಜರ್ಮನಿಯ ಮಾದರಿಯನ್ನು ಅಲ್ಲಿಗೇ ಕೈಬಿಟ್ಟೆವು.

ಕಾಕಾನ ಮನಸ್ಸಿಗೆ ನಾಟಿದ್ದು ವಿಂಬಲ್ಡನ್ ಕತೆ. ಲಂಡನ್ನಿನ ಆ ಕ್ಲಬ್ಬನ್ನು ಮಿಲ್ಟನ್ ಕೀನ್ಸ್ ಎಂಬ ಬೇರೆ ಊರಿಗೆ ಹೊತ್ತೊಯ್ಯಲು 2002ರಲ್ಲಿ ಅಪ್ಪಣೆ ಸಿಕ್ಕಿತು. ಅಭಿಮಾನಿಗಳು ಸೇರಿ ತಮ್ಮದೇ ಹೊಸ ತಂಡ ಕಟ್ಟಿ, ತೀರ ಕೆಳಗಿನ ಹಂತದಿಂದ ಶುರುಮಾಡಿ 2011ಕ್ಕೆ ಫುಟ್‌ಬಾಲ್ ಲೀಗಿಗೆ ಬಂದರು. "ಹೋರಿ ಹೋದ್ರ ಹೋಗಲಿ ಅಂತ ಕರಾ ಕಟ್ಟಿದ್ರಲ್ಲ, ಅವರು ಮಂದಿ" ಅಂದರು ಕಾಕಾ. ಅವತ್ತು ಇಡೀ ದಿನ ಅವರ ಬಾಯಲ್ಲಿ ಅದೇ ಮಾತು.

ಅಳಿಯನ ಸಂಕಟಕ್ಕೆ ಇನ್ನೊಂದು ಮಗ್ಗುಲಿದೆ, ಮೈದಾನದ್ದು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ಬಾಯಿತು, 2018-19ರಲ್ಲಿ ಐಎಸ್‌ಎಲ್ ಗೆದ್ದಿತು. ಹೋರಿ ಫ್ಲೆಕ್ಸಿನ ಮೇಲೆ ಗೆದ್ದ ಬೈಕು, ಬಂಗಾರದ ಉಂಗುರಗಳ ಲೆಕ್ಕ ಬರೆಸಿದಂತೆ ಇವನು ಇದನ್ನೆಲ್ಲ ಕಂಠಪಾಠ ಒಪ್ಪಿಸುತ್ತಾನೆ. ಆದರೆ ಇಷ್ಟು ಗೆದ್ದ ತಂಡಕ್ಕೆ ಸ್ವಂತದ ಮೈದಾನವಿಲ್ಲ. ಆಡುವುದು ಕಂಠೀರವದಲ್ಲಿ. ಅದು ಓಟಗಾರರಿಗೆಂದು ಕಟ್ಟಿದ ಕ್ರೀಡಾಂಗಣ. ನೋಡುವವನಿಗೂ ಆಡುವವನಿಗೂ ನಡುವೆ ಓಟದ ಟ್ರ್ಯಾಕು ಮಲಗಿದೆ. ಗೋಲು ಬಿದ್ದದ್ದು ಅಭಿಮಾನಿಗೆ ತಲುಪುವುದರಲ್ಲಿ ಗೋಲಿ ಚೆಂಡನ್ನು ಎತ್ತಿ ಕೊಟ್ಟಿರುತ್ತಾನೆ. ರಾಜ್ಯ ತಂಡದ ಕತೆಯೂ ಅಷ್ಟೇ. ಕರ್ನಾಟಕಕ್ಕೆ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಬಂತು, 2023ರ ಮಾರ್ಚಿನಲ್ಲಿ. ಫೈನಲ್ ಎಲ್ಲಿ? ಸೌದಿ ಅರೇಬಿಯಾದ ರಿಯಾದಿನಲ್ಲಿ. ಮನೆ ಮಗನ ಮದುವೆ ನೋಡಲು ವೀಸಾ ಮಾಡಿಸಬೇಕಾದ ನಾಡು ನಮ್ಮದು.

ಒಮ್ಮೆ ಅಳಿಯನ ಜೊತೆ ಹೊರರಾಜ್ಯದ ಒಂದು ಕ್ರೀಡಾಂಗಣಕ್ಕೆ ನಾನೂ ಹೋಗಿದ್ದೆ. ಗೇಟಿನಲ್ಲಿ ನೀರಿನ ಬಾಟಲಿ ತೆಗೆಸಿದರು. ಚಿಲ್ಲರೆ ನಾಣ್ಯ ತೆಗೆಸಿದರು, ಎಸೆದೇವೆಂದು. ಕೊನೆಗೆ ಚೀಲದಲ್ಲಿದ್ದ ಸವಣೂರು ಖಾರದ ಪೊಟ್ಟಣ ಸಿಕ್ಕಿತು. ಕಾವಲಿನವನು ಅದನ್ನು ಮೂಸಿ, ಬಾಂಬು ತಜ್ಞನ ಗಾಂಭೀರ್ಯದಲ್ಲಿ ಪಕ್ಕಕ್ಕಿಟ್ಟ. ಒಳಗೆ ನೀರಿಗೆ ಮೂರು ಪಟ್ಟು ದುಡ್ಡು, ಎದುರಿಗೆ ಕಂಬ, ಕಂಬದಾಚೆ ಆಟ. ಹಾಡು ಕಟ್ಟಿಕೊಂಡು ಬಂದ ನಮ್ಮ ಹುಡುಗರ ದನಿಯ ಮೇಲೆ ಮೈಕಿನವನ ಜಾಹೀರಾತು. ಪಂದ್ಯ ಮುಗಿದು ಹೊರಬರುವಾಗ ಕಾವಲಿನವನು ನನ್ನನ್ನು ಗುರುತು ಹಿಡಿದು ಕೈಸನ್ನೆಯಲ್ಲೇ ಕೇಳಿದ: ಅದು ಇನ್ನೂ ಇದೆಯಾ?

ನಮ್ಮ ಅಖಾಡದಲ್ಲಿ ಇದ್ಯಾವುದೂ ಇಲ್ಲ ಎಂದು ಎದೆಯುಬ್ಬಿಸುವ ಕಾಲವೂ ಹೋಯಿತು. ನಾವೂ ಕಲಿತಿದ್ದೇವೆ. ಮೊದಲು ವೇದಿಕೆ ಬಂತು, ವೇದಿಕೆಗೆ ಶಾಮಿಯಾನಾ ಬಂತು, ಶಾಮಿಯಾನಾದ ಕೆಳಗೆ ಮುಖಂಡರು ಬಂದರು. ಬೆಳಿಗ್ಗೆ ಎಂಟಕ್ಕೆ ಸಿಂಗರಿಸಿದ ಹೋರಿ, ಸನ್ಮಾನ ಮುಗಿಯುವ ತನಕ ಬಿಸಿಲಲ್ಲಿ ನಿಂತು ಭಾಷಣ ಕೇಳುತ್ತದೆ. ಅದು ಬೆದರುವುದು ಡಿಜೆಗೋ ಭಾಷಣಕ್ಕೋ ತಿಳಿಯದು. ಫ್ಲೆಕ್ಸಿನಲ್ಲಿ ಮುಖಂಡರ ಮುಖ ಹಿಗ್ಗಿ ಹಿಗ್ಗಿ ಹೋರಿಗೆ ಉಳಿದ ಜಾಗ ಕೊಂಬಿನಷ್ಟು. ಇನ್ನು ಗ್ಯಾಲರಿ ಅಂದರೆ ಟ್ರ್ಯಾಕ್ಟರ್ ಟ್ರೇಲರು, ಮನೆ ಮಾಳಿಗೆ, ಬೇವಿನ ಮರ. ಪ್ರತಿ ಹಬ್ಬಕ್ಕೂ ಆಸ್ಪತ್ರೆಯಲ್ಲಿ ಪಕ್ಕೆಲುಬು ಕಟ್ಟಿಸಿಕೊಳ್ಳುವವರು ಇದ್ದೇ ಇರುತ್ತಾರೆ. ಕೆಲವು ಮನೆಗಳಲ್ಲಿ ಮರುದೀಪಾವಳಿಗೆ ದೀಪ ಹಚ್ಚಲು ಕೈ ಏಳುವುದಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟಿನ ಹೊರಗೆ ಆರ್‌ಸಿಬಿ ಗೆಲುವಿನ ಸಂಭ್ರಮದ ನೂಕುನುಗ್ಗಲಿನಲ್ಲಿ 11 ಜನ ಸತ್ತರಲ್ಲ, ಅವರಲ್ಲಿ ಯಾರೂ ಆರ್‌ಸಿಬಿಯ ಷೇರುದಾರರಾಗಿ ಬಂದವರಲ್ಲ. ಅವ್ವ ಕೇಳಿದ ಪಾಲಿನ ಲೆಕ್ಕ ಬಹುಶಃ ಅಲ್ಲಿ ಸಿಗುತ್ತದೆ.

ಹೋರಿಗೂ ಚೆಂಡಿಗೂ ಕೋರ್ಟು ಒಂದೇ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ನಿಲ್ಲಿಸಿದ್ದು, 2017ರಲ್ಲಿ ಕರ್ನಾಟಕ ಕಂಬಳ, ಹೋರಿ ಓಟಕ್ಕೆ ಕಾನೂನು ತಿದ್ದಿದ್ದು, 2023ರ ಮೇ 18ರಂದು ಐದು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿದದ್ದು ಹೋರಿಯ ಕತೆ. 2025ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟು ಫುಟ್‌ಬಾಲ್ ಫೆಡರೇಷನ್ನಿನ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟದ್ದು ಚೆಂಡಿನ ಕತೆ. ಹೋರಿಯ ಪರ ವಾದಿಸುವ ವಕೀಲರಿದ್ದರು, ಸಂಸ್ಥೆಗಳಿದ್ದವು. ಟಿಕೆಟ್ ಕೊಂಡವನ ಪರ ಯಾರೂ ಕರಿಕೋಟು ಹಾಕಿದ್ದು ನಾನು ಕೇಳಿಲ್ಲ. ಮುಂದಿನ ಜನ್ಮದಲ್ಲಿ ಹೋರಿಯಾಗಿ ಹುಟ್ಟುವುದೇ ಲೇಸು.

ನವೆಂಬರಿನಲ್ಲಿ ಮತ್ತೆ ಫೋನು. ಲೀಗ್ ನಡೆಸುವ ಹಕ್ಕಿಗೆ ಟೆಂಡರು ಕರೆದಿದ್ದರಂತೆ, ಒಬ್ಬನೂ ಬಿಡ್ ಹಾಕಲಿಲ್ಲವಂತೆ. ಕಾಕಾಗೆ ಇದನ್ನು ಹೇಗೆ ಹೇಳಲಿ? ದನದ ಸಂತೆಯಲ್ಲಿ ವ್ಯಾಪಾರ ನಡೆಯುವುದು ಟವೆಲ್ಲಿನ ಕೆಳಗೆ, ಬೆರಳು ಹಿಡಿದು. ಮುದಿ ಎತ್ತಿಗೂ ಒಬ್ಬನಾದರೂ ಬೆರಳು ಚಾಚುತ್ತಾನೆ. ನೂರ ನಲವತ್ತು ಕೋಟಿ ಜನರ ದೇಶದ ಫುಟ್‌ಬಾಲಿಗೆ ಟವೆಲ್ ಹಾಸಿ ಕೂತರೆ ಒಂದು ಕಿರುಬೆರಳೂ ಒಳಗೆ ಬರಲಿಲ್ಲ. ಕಾಕಾ ಕೇಳಿ ಹೇಳಿದ್ದು ಒಂದೇ ಮಾತು: "ದಲ್ಲಾಳಿ ಸರಿ ಇಲ್ಲ."

ಸಂಕ್ರಾಂತಿಗೆ ಅಳಿಯ ಊರಿಗೆ ಬಂದ, ಮೈಮೇಲೆ ಅದೇ ನೀಲಿ ಜೆರ್ಸಿ. ಫೆಬ್ರವರಿ 14ಕ್ಕೆ ಲೀಗ್ ಶುರುವೆಂದು ಮಂತ್ರಿಗಳು ಘೋಷಿಸಿದ್ದರು. ಆದರೂ ಮಾಲೀಕರನ್ನು ಬಯ್ಯುವುದು ನಿಂತಿರಲಿಲ್ಲ. ಇನ್ನು ಒಂದು ರೂಪಾಯಿ ಕೊಡೆನೆಂದು ಆಣೆ ಹಾಕಿದ. "ನಡಿ, ಮಾಲೀಕ ಅಂದ್ರ ಹೆಂಗಿರಬೇಕು ತೋರಸ್ತೀನಿ" ಎಂದು ಕಾಕಾನ ಮನೆಗೆ ಕರೆದೊಯ್ದೆ.

ಗೋದಲಿ ಬರಿದಾಗಿತ್ತು. ಗೂಟಕ್ಕೆ ಹಗ್ಗದ ತುಂಡೊಂದು ಸುತ್ತಿಕೊಂಡಿತ್ತು. ಅಂಗಳದಲ್ಲಿ ಬಳಗದ ಹುಡುಗರು ಎಂಟು ಹತ್ತು ಜನ, ಹೋರಿ ಫೋಟೋದ ಟೀ-ಶರ್ಟಿನಲ್ಲೇ, ಮಾತಿಲ್ಲದೆ ಕೂತಿದ್ದರು. ಹಿಂದಿನ ಸಂಜೆ ಹಿರೇಕೆರೂರು ಕಡೆಯವರು ಬಂದು, ಬೇಡ ಅನ್ನಲಾಗದ ಬೆಲೆ ಕಟ್ಟಿ, ಹೋರಿಯನ್ನು ಗಾಡಿಗೆ ಹತ್ತಿಸಿಕೊಂಡು ಹೋಗಿದ್ದರು. ಕಾಕಾ ಒಳಗಿನಿಂದ ತಾವೇ ಚಹಾದ ಕಪ್ಪುಗಳನ್ನು ತಂದಿಟ್ಟರು. ಯಾರ ಮುಖವನ್ನೂ ನೋಡಲಿಲ್ಲ.

"ಕಾಕಾ, ಈ ಟೀ-ಶರ್ಟ್ ಏನ್ ಮಾಡೋಣ?" ಒಬ್ಬ ಕೇಳಿದ.

"ಒಗದು ಇಡ್ರೋ" ಅಂದರು ಕಾಕಾ, ನೆಲ ನೋಡುತ್ತಲೇ. "ಶಿಗ್ಗಾವಿ ಕಡೆ ಒಂದು ಹೋರಿಗರಾ ನೋಡಿ ಬಂದೀನಿ. ಕಣ್ಣು ಚಲೋ ಐತಿ. ಆದ್ರ ಈ ಸಲ ನೀವೂ ತಲಿಗಿಷ್ಟು ಅಂತ ಪಟ್ಟಿ ಹಾಕಬೇಕಾಗ್ತೈತಿ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಹಿಂದೆ ನಿಂತಿದ್ದ ಅಳಿಯ ಮುಂದೆ ಬಂದು ಜೇಬಿನಿಂದ ಮೊಬೈಲ್ ತೆಗೆದ.

"ಕಾಕಾ, ಫೋನ್‌ಪೇ ಐತೇನ್ರಿ?"