ಕೊನೇ ಲಾಂಚಿಗೆ ಓಡಿದವರು

ಮೈ ದಂಡಿಸಲು ಜನರಿಗೆ ಪ್ರೇರಣೆ ಸಾಲದು ಎಂಬುದು ಈಗಿನ ದೊಡ್ಡ ಚಿಂತೆ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆ ಒಂದು ಲೆಕ್ಕ ಕೊಟ್ಟಿತು: ದೇಶದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮೈ ಬಗ್ಗಿಸಿದ್ದು ಸಾಲದು, ಅದರಲ್ಲೂ ಗಂಡಸರಿಗಿಂತ ಹೆಂಗಸರೇ ಹಿಂದೆ. ಶರಾವತಿ ಹಿನ್ನೀರಿನ ದಂಡೆಯ ನಮ್ಮ ತುಮರಿ ಕಡೆಯ ಹೆಂಗಸರಿಗೆ ಈ ಸುದ್ದಿ ತಲುಪಿಲ್ಲ. ಕೊಟ್ಟಿಗೆ ಬಾಚಿ, ದರಕು ಗುಡಿಸಿ, ಸೊಪ್ಪಿನ ಹೊರೆ ಇಳಿಸಿ ಕೂರುವಷ್ಟರಲ್ಲಿ ಪೇಪರು ಹಳತಾಗಿರುತ್ತದೆ.

ಹಾಗೆ ನೋಡಿದರೆ ನಮ್ಮಲ್ಲಿ ಪ್ರೇರಣೆಯನ್ನು ಸರ್ಕಾರವೇ ಒದಗಿಸಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ದಾರಿಗೆ ಅಡ್ಡ ಮಲಗಿತಲ್ಲ, ಆಮೇಲೆ ಲಾಂಚ್ ಬಂತು. ಸಾಗರದ ಆಸ್ಪತ್ರೆಯೋ ಕೋರ್ಟೋ ಮುಗಿಸಿ ಲಾಂಚಿನ ದಡವಾದ ಹೊಳೆಬಾಗಿಲು ಮುಟ್ಟುವಾಗ ಕೊನೇ ಲಾಂಚ್ ಹೊರಡುವ ಸದ್ದು ಕೇಳಿದರೆ ಎಪ್ಪತ್ತರ ಅಜ್ಜನೂ ಪಂಚೆ ಎತ್ತಿ ಕಟ್ಟಿ ಓಡುತ್ತಿದ್ದ. ತಪ್ಪಿದರೆ ಊರೂರು ಸುತ್ತಿ ಬರಬೇಕು, ಇಲ್ಲವೇ ಈಚೆ ದಡದಲ್ಲೇ ಬೆಳಗು ಮಾಡಬೇಕು. ಯಾವ ಜಿಮ್ಮಿನ ಕೋಚ್ ಇಷ್ಟು ಓಡಿಸಿಯಾನು?

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ವೇದವಾಕ್ಯ ಹುಟ್ಟಿದ್ದೂ ಆ ಹೊತ್ತಿನಲ್ಲೇ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಅದನ್ನು ಹುಟ್ಟಿಸಿತು. ಅವರು ಯಂತ್ರ ಮಾರಿ ಜನರನ್ನು ನಡೆಸಿದರು, ನಮ್ಮ ಸರ್ಕಾರದವರು ಊರು ಮುಳುಗಿಸಿ.

2025ರ ಜುಲೈ 14ರಂದು ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿ ಆ ಓಟಕ್ಕೆ ತೆರೆ ಬಿತ್ತು. ಈಗ ಹುಡುಗರು ಡೇರಿಗೂ ಬೈಕೇರುತ್ತಾರೆ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರ ಹತ್ತುವುದು ಬಿಟ್ಟು ನೆಲದಲ್ಲೇ ನಿಂತು ಫೈಬರ್ ದೋಟಿ ಎತ್ತುತ್ತಾನೆ. ಹಳ್ಳಿಗೂ ಸೋಮಾರಿತನ ಬಂತು ಎಂದು ಲೊಚಗುಟ್ಟಬೇಡಿ; ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ಕಂಡ ಸೀಮೆ ಇದು. ದುಡಿಮೆಯೇ ವ್ಯಾಯಾಮ ಎನ್ನುವವರು ಇಲ್ಲಿ ಐವತ್ತು ದಾಟಿದವರ ಮಂಡಿಯನ್ನೊಮ್ಮೆ ನೋಡಬೇಕು.

ದೀಪಾವಳಿಗೆ ಬಂದ ಬೆಂಗಳೂರಿನ ಮಗ ಮಾತ್ರ ಬೆಳಗ್ಗೆ ಬೂಟು ಬಿಗಿದು, ಕಾರಿನಲ್ಲಿ ಸೇತುವೆವರೆಗೆ ಹೋಗಿ, ಅಲ್ಲಿ ವಾಕಿಂಗ್ ಮಾಡುತ್ತಾನೆ. ಹೊರಡುವಾಗ ಅಂಗಳದಲ್ಲಿ ಹುಲ್ಲಿನ ಹೊರೆ ಹೊತ್ತ ಅಮ್ಮ ಎದುರಾದಳು.

“ಅಮ್ಮಾ, ನೀನೂ ದಿನಾ ಸ್ವಲ್ಪ ವಾಕಿಂಗ್ ಮಾಡು. ಆರೋಗ್ಯಕ್ಕೆ ಒಳ್ಳೇದು.”

“ಅಡ್ಡಿಲ್ಲ ಮಾರಾಯಾ. ಈ ಹೊರೆ ಹಿಡ್ಕ, ಈಗ್ಲೇ ಹೊರಟೆ.”

ಅವನ ವಾಚು ಹೆಜ್ಜೆ ಎಣಿಸುತ್ತದಂತೆ, ಹೊರೆ ಎಣಿಸುವುದಿಲ್ಲವಂತೆ. ಹಾಗಾಗಿ ಹಿಡಿಯಲಿಲ್ಲ.

ಕೊನೆ ಕೊಯ್ಲಿಗೆ ಆಳು ಸಿಗದೆ ತೋಟದವರು ಒದ್ದಾಡುತ್ತಿದ್ದಾರೆ. ದುಡ್ಡು ಕಟ್ಟಿ ಭಾರ ಎತ್ತುವ ನಗರದ ಬಂಧುಗಳು ದಯವಿಟ್ಟು ಸೇತುವೆ ದಾಟಿ ಬನ್ನಿ. ಎತ್ತಿದವರಿಗೆ ನಾವೇ ಕೂಲಿ ಕೊಡುತ್ತೇವೆ, ಮಧ್ಯಾಹ್ನದ ಊಟವೂ ಇದೆ.